ಅಭಿಮಾನವೂ ವಿಚಾರಣೆಯೂ

ಆಟಗಾರರನ್ನೂ ನಟರನ್ನೂ ಮೆಚ್ಚಿ ಕೊಂಡಾಡುವವರಿಗೆ ಕನ್ನಡದಲ್ಲಿ ‘ಅಭಿಮಾನಿ’ ಎಂಬ ಹೆಸರು ರೂಢವಾಗಿದೆ. ಈ ಶಬ್ದವನ್ನು ಈ ಅರ್ಥದಲ್ಲಿ ಮೊದಲು ಬಳಸಿದವರಿಗೆ ತಿಳಿದಿತ್ತೋ ಇಲ್ಲವೋ, ಒಂದು ದೊಡ್ಡ ಸತ್ಯವು ಅದರಲ್ಲಿ ಅಡಗಿ ಕುಳಿತಿದೆ. ಶಾಸ್ತ್ರಗಳಲ್ಲಿ ಅಭಿಮಾನವೆಂದರೆ ಮೆಚ್ಚುಗೆಯಲ್ಲ, ಪ್ರೀತಿಯೂ ಅಲ್ಲ. ಸಾಂಖ್ಯರು ಅಹಂಕಾರತತ್ತ್ವಕ್ಕೆ ಲಕ್ಷಣವನ್ನು ಹೇಳುವಾಗ ಉಪಯೋಗಿಸುವ ಪದವೇ ಅಭಿಮಾನ. ಯಾವುದು ತಾನಲ್ಲವೋ ಅದನ್ನು ತಾನೆಂದೂ, ಯಾವುದು ತನ್ನದಲ್ಲವೋ ಅದನ್ನು ತನ್ನದೆಂದೂ ತಿಳಿಯುವುದು ಅದರ ಕೆಲಸ. ದೇಹಾಭಿಮಾನ, ಕುಲಾಭಿಮಾನ, ಧನಾಭಿಮಾನ ಎಂದು ಹಿರಿಯರು ಒಂದೊಂದಾಗಿ ಎಣಿಸಿ, ಬಿಡತಕ್ಕವು ಎಂದು ಹೇಳಿದ ಸಾಲಿಗೆ ‘ತಂಡಾಭಿಮಾನ’ವೆಂಬ ಇನ್ನೊಂದನ್ನು ಸೇರಿಸಿದರೆ ಅರಿಸಮಾಸದ ದೋಷ ಬಂದೀತೇ ಹೊರತು ತತ್ತ್ವಕ್ಕೆ ದೋಷವೇನೂ ಬಾರದು.

ಈ ಅಭಿಮಾನದ ನಿಜಸ್ವರೂಪವು ಗೆದ್ದ ದಿನ ಕಾಣಿಸುವುದಿಲ್ಲ. ಗೆದ್ದಾಗ ಎಲ್ಲರೂ ಉದಾರಿಗಳೇ. ಸೋತ ದಿನವೂ ಅದು ಪೂರ್ತಿಯಾಗಿ ಹೊರಬೀಳುವುದಿಲ್ಲ. ಸೋಲಿಗೆ ದುಃಖವೆಂಬ ಮರ್ಯಾದೆಯ ಮುಸುಕು ಇರುತ್ತದೆ. ತಮ್ಮ ತಂಡವು ನಿಯಮವನ್ನು ಮೀರಿತೆಂದು ಯಾರೋ ದೂರಿತ್ತು ವಿಚಾರಣೆ ಮೊದಲಾಯಿತೆನ್ನಿ, ಆಗ ಅಭಿಮಾನಿಯು ಒಳಗಿದ್ದುದನ್ನೆಲ್ಲ ಹೊರಗೆ ಹಾಕುತ್ತಾನೆ.

ಮಳೆಗಾಲ ಕಳೆದು ಗದ್ದೆಯ ಕೊಯ್ಲು ಮುಗಿದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ತಿರುಗಾಡಿದವರಿಗೆ ಇದರ ಅನುಭವ ಉಂಟು. ಶರಾವತಿಯ ಆಚೆಗೂ ಈಚೆಗೂ, ಅಘನಾಶಿನಿಯ ದಂಡೆಯ ಊರುಗಳಲ್ಲಿಯೂ ಕೊಯ್ದ ಗದ್ದೆಯ ಬಯಲಿನಲ್ಲಿ ದೀಪಗಳನ್ನು ಕಟ್ಟಿ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಾವಳಿಗಳನ್ನು ನಡೆಸುತ್ತಾರೆ. ದೋಣಿಯಿಂದ ಇಳಿದು ಬಂದ ತರುಣರೂ, ಕಾಲೇಜಿನ ಹುಡುಗರೂ, ಅಡಕೆ ತೋಟದ ಮನೆಯ ಮಕ್ಕಳೂ ಒಂದೇ ಅಂಗಣದಲ್ಲಿ ಬೆರೆಯುವ ಆ ರಾತ್ರಿಗಳು ನಿಜವಾಗಿಯೂ ಸೊಗಸಾದವು. ನಾನು ಆಟದ ದ್ವೇಷಿಯೆಂದು ಯಾರೂ ತಿಳಿಯಬಾರದು. ಎಷ್ಟೋ ರಾತ್ರಿ ಹೆಗಲಿಗೆ ಶಾಲು ಹೊದ್ದುಕೊಂಡು ಕಡೆಯ ಪಂದ್ಯದವರೆಗೂ ನಿಂತು ನೋಡಿದ್ದೇನೆ. ಅಂಥ ಪಂದ್ಯಾವಳಿಗೆ ಹಲವೊಮ್ಮೆ ‘ತಾಲೂಕಿನ ಆಟಗಾರರಿಗೆ ಮಾತ್ರ ಪ್ರವೇಶ’ ಎಂಬ ನಿಯಮವಿರುತ್ತದೆ. ನಡುರಾತ್ರಿಯ ಹೊತ್ತಿಗೆ ಯಾವನೋ ಒಬ್ಬನು, ಈ ಆಟಗಾರ ಹೊರಗಿನವನು, ಹಣ ಕೊಟ್ಟು ಕರೆತಂದವನು ಎಂದು ಆಕ್ಷೇಪವೆತ್ತುತ್ತಾನೆ. ಆಗ ನೆರೆದವರ ಬಾಯಿಂದ ಬರುವ ಮೊದಲನೆಯ ಪ್ರಶ್ನೆ ಯಾವುದು? ‘ಅದು ನಿಜವೇ?’ ಎಂಬುದಲ್ಲ. ‘ಹೇಳಿದವನು ಯಾರು?’ ಎಂಬುದು. ಎರಡನೆಯದು, ‘ಅವನು ಯಾವ ಊರಿನವನು, ಯಾವ ಜನದವನು?’ ಎಂಬುದು. ಮೂರನೆಯದು, ‘ಅವರು ಮಾತ್ರ ಇಂಥದ್ದನ್ನು ಮಾಡಿಲ್ಲವೋ?’ ಎಂಬುದು. ಈ ಮೂರು ಪ್ರಶ್ನೆಗಳನ್ನು ದಾಟಿ ಸತ್ಯದ ಪ್ರಶ್ನೆಯ ಬಳಿಗೆ ಬರುವಷ್ಟರಲ್ಲಿ ಬೆಳಗಾಗಿರುತ್ತದೆ, ಪಾರಿತೋಷಕವು ಮನೆ ಸೇರಿರುತ್ತದೆ.

‘ಆಟ ತಾನೇ, ಪಂಡಿತರೇ! ಇದಕ್ಕೆ ಧರ್ಮಶಾಸ್ತ್ರವೇಕೆ?’ ಎಂದು ಕೆಲವರು ಕೇಳಿಯಾರು. ಉಳಿದ ವ್ಯವಹಾರಗಳಲ್ಲಿ ನಿಯಮವನ್ನು ತೆಗೆದರೂ ವಸ್ತುವು ಉಳಿಯುತ್ತದೆ. ತೂಕದಲ್ಲಿ ಮೋಸ ಮಾಡಿದರೂ ಅಕ್ಕಿಯು ಅಕ್ಕಿಯೇ. ಆಟದಲ್ಲಾದರೋ ನಿಯಮವನ್ನು ತೆಗೆದರೆ ಉಳಿಯುವುದು ಏನೂ ಇಲ್ಲ. ಕಬಡ್ಡಿಯ ನಡುಗೆರೆಯೆಂಬುದು ಒಂದು ಹಿಡಿ ಸುಣ್ಣದ ಪುಡಿ. ಕಾಲಿನಿಂದ ಉಜ್ಜಿದರೆ ಅಳಿಯುತ್ತದೆ. ಎರಡೂ ಕಡೆಯವರು ಅದನ್ನು ಗೆರೆಯೆಂದು ಒಪ್ಪಿರುವುದರಿಂದಲೇ ಅದು ಗೆರೆ. ಎದುರಾಳಿಯ ಅಂಗಣಕ್ಕೆ ಹೋದವನು ಒಂದೇ ಉಸಿರಿನಲ್ಲಿ ‘ಕಬಡ್ಡಿ’ ಎನ್ನುತ್ತ ಹಿಂದಿರುಗಬೇಕು. ಉಸಿರು ನಡುವೆ ತಪ್ಪಿತೋ ಇಲ್ಲವೋ ಎಂಬುದು ಆ ಗದ್ದಲದಲ್ಲಿ ನಿರ್ಣಾಯಕನಿಗೆ ಕೇಳಿಸದೆ ಹೋಗಬಹುದು. ಆದರೆ ಉಸಿರಿನ ಒಡೆಯನಿಗೆ ಗೊತ್ತು. ಒಳಗಿನ ಸಾಕ್ಷಿಯನ್ನು ಇಷ್ಟು ಹಗುರವಾಗಿ, ಇಷ್ಟು ಸಂತೋಷದಿಂದ ಮಕ್ಕಳಿಗೆ ಕಲಿಸುವ ಬೇರೊಂದು ಪಾಠವನ್ನು ನಾನು ಕಾಣೆ. ಆದುದರಿಂದ ಅಲ್ಲಿ ಆದ ವಂಚನೆಯನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಇದು ಹಳ್ಳಿಯ ಬಯಲಿನ ಮಾತಾಯಿತು. ಹಣವೂ ಹೆಸರೂ ಸೇರಿದಲ್ಲಿ ಇದೇ ವ್ಯಾಧಿಯು ಹೇಗೆ ಬೆಳೆಯುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಕ್ರಿಕೆಟ್ ಪಂದ್ಯಾವಳಿಯು ಆರಂಭವಾಯಿತು. ಹುಬ್ಬಳ್ಳಿ, ಬೆಳಗಾವಿ, ಬಳ್ಳಾರಿ, ಮೈಸೂರು, ಶಿವಮೊಗ್ಗ ಎಂದು ನಮ್ಮ ಊರುಗಳ ಹೆಸರುಗಳನ್ನೇ ತಂಡಗಳಿಗೆ ಇಟ್ಟುದರಿಂದ ಜನರಿಗೆ ಅದು ಕೂಡಲೇ ಮನೆಯ ಮಾತಾಯಿತು. ಉತ್ತರ ಕನ್ನಡ ಜಿಲ್ಲೆಯ ಹೆಸರಿನ ತಂಡವಿರಲಿಲ್ಲವಾಗಿ, ನನ್ನ ಪರಿಚಯದ ಹುಡುಗರಲ್ಲಿ ಹಲವರು ಘಟ್ಟದ ಮೇಲಿನ ಹುಬ್ಬಳ್ಳಿಯನ್ನೇ ತಮ್ಮದೆಂದು ಆರಿಸಿಕೊಂಡಿದ್ದರು. 2019ರ ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಹುಬ್ಬಳ್ಳಿಯ ತಂಡವು ಬಳ್ಳಾರಿಯ ತಂಡವನ್ನು ಎಂಟು ಓಟಗಳಿಂದ ಸೋಲಿಸಿತು. ಹುಡುಗರ ಸಂತೋಷ ಒಂದು ತಿಂಗಳೂ ಬಾಳಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಬೆಂಗಳೂರಿನ ಅಪರಾಧ ವಿಭಾಗದ ಪೋಲೀಸರು ಜೂಜಿನ ಆರೋಪದ ಮೇಲೆ ಬೆಳಗಾವಿ ತಂಡದ ಮಾಲೀಕನನ್ನು ಬಂಧಿಸಿದರು. ನವೆಂಬರಿನಲ್ಲಿ, ಅದೇ ಅಂತಿಮ ಪಂದ್ಯದಲ್ಲಿ ನಿಧಾನವಾಗಿ ಆಡಲು ಇಪ್ಪತ್ತು ಲಕ್ಷ ರೂಪಾಯಿ ಪಡೆದರೆಂಬ ಆರೋಪದ ಮೇಲೆ ಬಳ್ಳಾರಿ ತಂಡದ ಇಬ್ಬರು ಆಟಗಾರರ ಬಂಧನವಾಯಿತು. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಏತಕ್ಕೆಂಬುದು ಮುಂದೆ ತಿಳಿಯುವುದು.

ಆರೋಪ ಬಂದುದು ಸೋತವರ ಮೇಲೆ. ಮಸಿ ತಗುಲಿದ್ದು ಗೆದ್ದವರ ಗೆಲುವಿಗೂ. ಹುಬ್ಬಳ್ಳಿಯ ಆಟಗಾರರು ಬೆವರು ಸುರಿಸಿ ಗಳಿಸಿದ ಎಂಟು ಓಟಗಳು ಒಮ್ಮೆಲೇ ಸಂದೇಹದ ವಸ್ತುವಾದವು. ಕಳ್ಳತನವು ಕದ್ದವನನ್ನೂ ಕಳಕೊಂಡವನನ್ನೂ ಮಾತ್ರ ಮುಟ್ಟುವ ವ್ಯವಹಾರವೆಂದು ನಾವು ತಿಳಿದಿರುತ್ತೇವೆ. ಇಲ್ಲಿ ನೋಡಿದರೆ ನ್ಯಾಯವಾಗಿ ಪಡೆದವನ ಕೈಯ ವಸ್ತುವೂ ಖೋಟಾ ನಾಣ್ಯದಂತೆ ಕಾಣತೊಡಗಿತು. ನನ್ನಲ್ಲಿ ಹಳಗನ್ನಡ ಓದಲು ಬರುತ್ತಿದ್ದ ಒಬ್ಬ ಹುಡುಗನಿಗೆ ಪೋಲೀಸರ ಮೇಲೆ ವಿಪರೀತ ಸಿಟ್ಟು. ‘ಇದನ್ನೆಲ್ಲ ಕೆದಕದೆ ಇದ್ದಿದ್ದರೆ ನಮ್ಮ ಗೆಲುವು ಗೆಲುವಾಗಿಯೇ ಉಳಿಯುತ್ತಿತ್ತು’ ಎಂದು ಅವನ ವಾದ. ನಾನು ನಕ್ಕೆ, ಅನಂತರ ನಗಲಾಗಲಿಲ್ಲ. ಕೆದಕಿದವನು ಗಾಯವನ್ನು ಮಾಡಿದನೆಂದು ತಿಳಿಯುವ ಬುದ್ಧಿ ಆ ಹುಡುಗನೊಬ್ಬನದೇ ಅಲ್ಲ.

ಮುಂದೆ ಏನಾಯಿತು? 2022ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಈ ಮೊಕದ್ದಮೆಯನ್ನು ರದ್ದುಮಾಡಿತು. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 420ನೆಯ ಕಲಮಿನಂತೆ ವಂಚನೆಯ ಅಪರಾಧವಾಗಬೇಕಾದರೆ ಒಬ್ಬನನ್ನು ಮೋಸದಿಂದ ಪ್ರೇರಿಸಿ ಅವನ ಸೊತ್ತನ್ನು ಕೊಡುವಂತೆ ಮಾಡಿರಬೇಕು. ಪ್ರೇಕ್ಷಕನಾದರೋ ತಾನಾಗಿಯೇ ಚೀಟಿ ಕೊಂಡು ಬರುತ್ತಾನೆ. ನ್ಯಾಯವಾದ ಆಟವನ್ನು ಕಾಣುವೆನೆಂದು ಅವನು ನಂಬಿರಬಹುದಾದರೂ ಅವನಿಂದ ಹಣ ಕೊಡಿಸಿದವರು ಆಟಗಾರರಲ್ಲ. ಆಟವನ್ನು ಪ್ರೀತಿಸುವವರಿಗೆ ಮೋಸವಾಯಿತೆಂಬ ಭಾವನೆ ಉಂಟಾಗಬಹುದು, ಆದರೆ ಆ ಭಾವನೆಯಿಂದಲೇ ಅಪರಾಧ ಹುಟ್ಟುವುದಿಲ್ಲ. ಇಂಥ ನಡತೆಯು ಆಟಗಾರನ ಅಪ್ರಾಮಾಣಿಕತೆಯನ್ನೂ ಅಶಿಸ್ತನ್ನೂ ಸೂಚಿಸಬಹುದು, ಅದಕ್ಕೆ ಶಿಸ್ತಿನ ಕ್ರಮ ಕೈಕೊಳ್ಳತಕ್ಕದ್ದು ಕ್ರಿಕೆಟ್ ಮಂಡಳಿಯ ಕೆಲಸ. ಇದು ನ್ಯಾಯಾಲಯದ ಅಭಿಪ್ರಾಯದ ತಾತ್ಪರ್ಯ. ಆರೋಪ ಸಾಬೀತಾಗಿಲ್ಲವಾದುದರಿಂದ ಆ ಆಟಗಾರರ ಹೆಸರನ್ನು ಹೇಳುವ ಹಕ್ಕು ನನಗಿಲ್ಲ.

ನ್ಯಾಯಾಲಯವನ್ನು ಆಕ್ಷೇಪಿಸುವುದು ನನ್ನ ಉದ್ದೇಶವಲ್ಲ. ಕಾನೂನಿನ ಬಲೆಯ ಕಣ್ಣುಗಳು ಇಷ್ಟೇ ಅಗಲವೆಂದು ಗೊತ್ತಿರುವುದೇ ಪ್ರಜೆಗಳಿಗೆ ರಕ್ಷಣೆ. ಮನಸ್ಸಿಗೆ ನೋವಾಯಿತೆಂದು ಜನರನ್ನು ಸೆರೆಮನೆಗೆ ಕಳುಹಿಸುವ ರಾಜ್ಯದಲ್ಲಿ ಯಾರು ಬಾಳಿಯಾರು? ನಾನು ವಿಚಾರಿಸಬೇಕೆಂದಿರುವುದು ಅಭಿಮಾನಿಗಳ ನಡತೆಯನ್ನು. ತೀರ್ಪು ಬಂದ ದಿನ ಒಂದು ಗುಂಪು, ‘ನೋಡಿ, ಏನೂ ಆಗಿರಲೇ ಇಲ್ಲ’ ಎಂದು ಹಿಗ್ಗಿತು. ಇಂಥ ಅಪರಾಧವು ಈ ಕಲಮಿನಲ್ಲಿ ಬಾರದು ಎಂಬುದಕ್ಕೂ ಏನೂ ಆಗಲಿಲ್ಲ ಎಂಬುದಕ್ಕೂ ಇರುವ ಅಂತರವನ್ನು ನೋಡುವ ತಾಳ್ಮೆ ಅವರಿಗಿರಲಿಲ್ಲ. ಇನ್ನೊಂದು ಗುಂಪು, ‘ಎಲ್ಲರೂ ಕಳ್ಳರೇ, ಎಲ್ಲವೂ ನಾಟಕವೇ’ ಎಂದು ಕೈ ಕೊಡವಿತು. ಇವರನ್ನು ನೋಡಿದರೆ ವೈರಾಗ್ಯಶಾಲಿಗಳೆಂದು ತೋರುತ್ತದೆ. ನನ್ನ ಎಣಿಕೆಯಲ್ಲಿ ಇವರು ಮೊದಲಿನವರಿಗಿಂತಲೂ ಹೆಚ್ಚು ಅಪಾಯಕಾರಿಗಳು. ಮೊದಲಿನವನು ತನ್ನವರು ಒಳ್ಳೆಯವರೆಂದು ಸಾಧಿಸಲು ಹೊರಡುತ್ತಾನೆ. ಒಳ್ಳೆಯತನವೆಂಬುದೊಂದು ಇದೆಯೆಂದಾದರೂ ಅವನು ಒಪ್ಪುತ್ತಾನೆ. ಎಲ್ಲರೂ ಕಳ್ಳರೆನ್ನುವವನು ನಿರಪರಾಧಿಗೂ ಅಪರಾಧಿಗೂ ಒಂದೇ ಬೆಲೆ ಕಟ್ಟಿ, ವಿಚಾರಣೆಯ ಶ್ರಮದಿಂದ ತನ್ನನ್ನು ತಾನೇ ಬಿಡಿಸಿಕೊಳ್ಳುತ್ತಾನೆ. ಮರುವಾರ ಅವನೂ ಅದೇ ಆಟವನ್ನು ನೋಡಲು ಕುಳಿತಿರುತ್ತಾನೆಂಬುದು ಬೇರೆ ಮಾತು. 2022ರ ಆಗಸ್ಟಿನಲ್ಲಿ ಮಹಾರಾಜಾ ಟ್ರೋಫಿ ಎಂಬ ಹೊಸ ಹೆಸರಿನಿಂದ ಪಂದ್ಯಾವಳಿ ಮತ್ತೆ ನಡೆದಾಗ ಈ ಎರಡೂ ಗುಂಪಿನವರನ್ನು ಒಂದೇ ದೂರದರ್ಶನ ಪೆಟ್ಟಿಗೆಯ ಮುಂದೆ ನಾನೇ ಕಂಡೆ.

ನಮ್ಮಲ್ಲಿ ಇಂಥ ವಿಚಾರಣೆಗಳು ಎಂದೋ ಒಮ್ಮೆ ಆಗುತ್ತವೆ. ಅವನ್ನು ಒಂದು ಶಾಸ್ತ್ರದಂತೆಯೇ ಬೆಳೆಸಿರುವ ದೇಶವು ಅಮೇರಿಕ. ಅಲ್ಲಿಯ ಕಾಲೇಜುಗಳಲ್ಲಿ ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಕಾಲಿನಿಂದ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಒಯ್ಯುವುದು. ಕಾಲೇಜುಗಳ ಕ್ರೀಡೆಯನ್ನು ಆಳುವ ರಾಷ್ಟ್ರೀಯ ಸಂಘವೊಂದು ದೂರುಗಳನ್ನು ವಿಚಾರಿಸಿ ದಂಡ ವಿಧಿಸುತ್ತದೆ. ಟೆಕ್ಸಾಸ್ ಸಂಸ್ಥಾನದ ಡಲಾಸ್ ನಗರದಲ್ಲಿ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯವಿದೆ. ಕ್ರೈಸ್ತರಲ್ಲಿ ಮೆಥಡಿಸ್ಟರೆಂಬ ಪಂಥದವರು ಸ್ಥಾಪಿಸಿದ್ದು; ನಮ್ಮ ಮಠಗಳು ನಡೆಸುವ ಕಾಲೇಜುಗಳಿಗೆ ಹೋಲಿಸಬಹುದು. ಆಟಗಾರ ವಿದ್ಯಾರ್ಥಿಗಳಿಗೆ ಹಣ ಕೊಡಬಾರದೆಂಬ ನಿಯಮವು ಆಗ ಕಟ್ಟುನಿಟ್ಟಾಗಿದ್ದಿತು. ಈ ವಿದ್ಯಾಲಯದ ತಂಡಕ್ಕೆ 1985ರಲ್ಲಿಯೇ ಒಮ್ಮೆ ಶಿಕ್ಷೆಯಾಗಿದ್ದರೂ, ಅನಂತರವೂ ಹದಿಮೂರು ಆಟಗಾರರಿಗೆ ಒಟ್ಟು 61,000 ಡಾಲರುಗಳನ್ನು ಗುಟ್ಟಾಗಿ ಕೊಟ್ಟುದು ಬಯಲಾಯಿತು. ಕೊಟ್ಟವರು ಯಾರು? ಜೂಜುಕೋರರಲ್ಲ, ಶತ್ರುಗಳಲ್ಲ, ತಂಡದ ಪರಮಾಭಿಮಾನಿಯಾದ ಶ್ರೀಮಂತನ ಹಣವದು. 1987ರ ಫೆಬ್ರವರಿಯಲ್ಲಿ ಸಂಘವು ಆ ವರ್ಷದ ಪಂದ್ಯಗಳನ್ನೆಲ್ಲ ರದ್ದುಮಾಡಿತು. ಮರುವರ್ಷ ವಿದ್ಯಾಲಯವು ತಾನಾಗಿಯೇ ಆಡಲಿಲ್ಲ. ಅತ್ಯಂತ ಹೆಚ್ಚು ಪ್ರೀತಿಸಿದವರ ಕೈಯಿಂದಲೇ ಆ ತಂಡವು ಕೆಟ್ಟಿತು.

ವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು ಆ ವೇಳೆಗೆ ಸಂಸ್ಥಾನದ ಗವರ್ನರೇ ಆಗಿದ್ದ ಬಿಲ್ ಕ್ಲೆಮೆಂಟ್ಸರು, ಈ ಹಣವನ್ನು ಮುಂದುವರಿಸಲು ತಾವೂ ಒಪ್ಪಿದ್ದೆವೆಂದು 1987ರ ಮಾರ್ಚಿನಲ್ಲಿ ಹೇಳಿಕೊಂಡರು. ಅವರು ಕೊಟ್ಟ ಕಾರಣ ವಿಚಾರಮಾಡತಕ್ಕದ್ದು: ಹುಡುಗರಿಗೆ ಮಾತು ಕೊಟ್ಟಾಗಿತ್ತು, ಕೊಟ್ಟ ಮಾತನ್ನು ನಡೆಸಬೇಕಿತ್ತು. ನುಡಿದಂತೆ ನಡೆಯುವುದನ್ನು ಶರಣಧರ್ಮದ ಪ್ರಾಣವೆಂದು ತಿಳಿದ ನಾವು ಇದಕ್ಕೆ ಏನು ಹೇಳುವೆವು? ಇವರೂ ನುಡಿದಂತೆ ನಡೆದರಲ್ಲವೇ? ಇಲ್ಲ. ಅವರು ಎರಡು ನುಡಿಗಳನ್ನು ಕೊಟ್ಟಿದ್ದರು. ಹುಡುಗರಿಗೆ ಗುಟ್ಟಾಗಿ ಒಂದು, ಲೋಕಕ್ಕೆ ಬಹಿರಂಗವಾಗಿ ಇನ್ನೊಂದು. ಗುಟ್ಟಿನ ನುಡಿಯನ್ನು ಉಳಿಸಲು ಬಹಿರಂಗದ ನುಡಿಯನ್ನು ಕೊಂದರು. ಇಲ್ಲಿ ಇನ್ನೊಂದು ಶಂಕೆ ಏಳುತ್ತದೆ. ಆ ದೇಶದಲ್ಲಿ 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಗಿದೆ. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಅಂದು ಪಾಪವಾದುದು ಇಂದು ನ್ಯಾಯವಾದರೆ ಅಂದಿನ ಶಿಕ್ಷೆಗೆ ಅರ್ಥವೇನು? ನಿಯಮವು ಮನುಷ್ಯರು ಮಾಡಿದ್ದು, ಬದಲಾಗಬಹುದು. ಬದಲಾದುದು ಒಳ್ಳೆಯದೇ ಇರಬಹುದು. ದುಡಿದವನಿಗೆ ಫಲ ಸಲ್ಲಬೇಕೆಂಬುದು ಕಾಯಕತತ್ತ್ವಕ್ಕೂ ಒಪ್ಪುವ ಮಾತು. ಹಾಗಾದರೆ ಆಗಲೇ ಬೀದಿಯಲ್ಲಿ ನಿಂತು ‘ಈ ನಿಯಮ ಅನ್ಯಾಯ’ ಎಂದು ಹೇಳಬೇಕಾಗಿತ್ತು. ನಿಯಮವನ್ನು ಒಪ್ಪಿದೆನೆಂದು ಸಹಿ ಹಾಕಿ, ಅದನ್ನು ಪಾಲಿಸುವ ಎದುರಾಳಿಯ ಮೇಲೆ ಗೆಲುವು ಸಾಧಿಸಿದುದರಲ್ಲಿ ದೋಷವಿರುವುದು, ಹಣದಲ್ಲಿ ಅಲ್ಲ. ಆ ಪಂಥದ ಬಿಷಪ್ಪರು ಮಾತ್ರ ಇದನ್ನು ಮುಚ್ಚಲಿಲ್ಲ. ತಾವೇ ವಿಚಾರಣೆ ನಡೆಸಿ ಅದೇ ವರ್ಷ ವರದಿಯನ್ನು ಪ್ರಕಟಿಸಿದರು. ಅನ್ಯಧರ್ಮದವರದಾದರೂ ಈ ಒಂದು ನಡತೆಗೆ ನಾನು ತಲೆಬಾಗುತ್ತೇನೆ.

ಅದೇ ದೇಶದ ಮಿಶಿಗನ್ ವಿಶ್ವವಿದ್ಯಾಲಯದ ತಂಡದ ಮೇಲೆ 2023ರಲ್ಲಿ, ಮುಂದೆ ಎದುರಿಸಬೇಕಾದ ತಂಡಗಳ ಪಂದ್ಯಗಳಿಗೆ ಜನರನ್ನು ಕಳುಹಿಸಿ ಅವರ ಸಂಕೇತಗಳನ್ನು ಕದ್ದರೆಂಬ ಆರೋಪ ಬಂದಿತು. ಅವರ ಮುಖ್ಯ ಶಿಕ್ಷಕರನ್ನು ಮೂರು ಪಂದ್ಯಗಳಿಂದ ದೂರವಿಟ್ಟರು. ಅಭಿಮಾನಿಗಳು ಮಾಡಿದ್ದೇನು? ‘ಲೋಕವೆಲ್ಲ ಒಂದು ಕಡೆ, ಮಿಶಿಗನ್ ಒಂದು ಕಡೆ’ ಎಂಬರ್ಥದ ಮಾತನ್ನು ಅಂಗಿಯ ಮೇಲೆ ಅಚ್ಚು ಹಾಕಿಸಿ ತೊಟ್ಟರು! 2024ರ ಜನವರಿಯಲ್ಲಿ ತಂಡವು ರಾಷ್ಟ್ರದ ಪ್ರಶಸ್ತಿಯನ್ನು ಗೆದ್ದಿತು. 2025ರ ಆಗಸ್ಟಿನಲ್ಲಿ ಭಾರಿ ದಂಡ ಬಿದ್ದಿತು. ಪ್ರಶಸ್ತಿ ಮಾತ್ರ ಅವರಲ್ಲಿಯೇ ಉಳಿಯಿತು. ಆ ಅಂಗಿಯ ವಿಷಯವನ್ನು ಓದಿದಾಗ ನನಗೆ ಹೊನ್ನಾವರದ ಬಯಲಿನ ರಾತ್ರಿಗಳೇ ಕಣ್ಣಿಗೆ ಕಟ್ಟಿದವು. ಸಾವಿರಾರು ಹರದಾರಿ ದೂರದಲ್ಲಿಯೂ ಮನುಷ್ಯನು ತಾನೇ ತಪ್ಪು ಮಾಡಿ ತಾನೇ ಹುತಾತ್ಮನಾಗುವ ವಿದ್ಯೆಯನ್ನು ಕಲಿತಿದ್ದಾನೆ.

ನಮ್ಮವರು ಇಂಥ ನಡತೆಗೆ ಒಂದು ಶಾಸ್ತ್ರದ ಹೆಸರನ್ನೇ ಕೊಟ್ಟುಬಿಡುವ ಭಯವಿರುವುದರಿಂದ ಇಲ್ಲಿ ಗಣಾಚಾರದ ವಿಷಯವನ್ನು ಸ್ವಲ್ಪ ವಿವರಿಸಬೇಕಾಗಿದೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಭೃತ್ಯಾಚಾರ, ಗಣಾಚಾರ ಎಂದು ಪಂಚಾಚಾರಗಳನ್ನು ವಾಚಕರು ಬಲ್ಲರು. ಶಿವನ ನಿಂದೆಯನ್ನೂ ಶಿವಭಕ್ತರ ನಿಂದೆಯನ್ನೂ ಸಹಿಸದಿರುವುದು ಗಣಾಚಾರ. ‘ನಮ್ಮವರನ್ನು ಅಂದರೆ ಸುಮ್ಮನಿರಲಾರೆವು’ ಎಂಬ ಮಾತಿಗೆ ಇದನ್ನೇ ಆಧಾರವೆಂದು ಹೇಳುವವರನ್ನು ನಾನು ಕಂಡಿದ್ದೇನೆ; ಆಟದ ವಿಷಯದಲ್ಲಿಯೂ, ಆಟವಲ್ಲದ ವಿಷಯದಲ್ಲಿಯೂ. ಆದರೆ ಐದರಲ್ಲಿ ಒಂದನ್ನು ಮಾತ್ರ ಕಿತ್ತು ತೆಗೆದುಕೊಳ್ಳುವ ಅಧಿಕಾರವನ್ನು ನಮಗೆ ಯಾರು ಕೊಟ್ಟರು? ಪ್ರಾಮಾಣಿಕವಾದ ಕಾಯಕದಿಂದ ಗಳಿಸಿ ಸನ್ಮಾರ್ಗದಲ್ಲಿ ನಡೆಯುವುದು ಸದಾಚಾರ; ತಾನು ಎಲ್ಲರಿಗಿಂತ ಕಿರಿಯನೆಂಬ ವಿನಯವು ಭೃತ್ಯಾಚಾರ. ಇವೆರಡೂ ಇಲ್ಲದ ಗಣಾಚಾರವು ಕೇವಲ ಗುಂಪಾಚಾರ. ಗಣ ಎಂಬ ಧಾತುವಿಗೆ ಎಣಿಸುವುದು, ಲೆಕ್ಕ ಹಾಕುವುದು ಎಂಬ ಅರ್ಥವಿದೆ. ವ್ಯುತ್ಪತ್ತಿಯಿಂದ ತತ್ತ್ವವನ್ನು ಹಿಂಡಿ ತೆಗೆಯುವುದು ನನ್ನಂಥ ಶಾಲಾಪಂಡಿತರ ದುರಭ್ಯಾಸವೆಂದು ಬಲ್ಲೆ. ಆದರೂ ಲೆಕ್ಕ ಕೊಡಲು ಹಿಂಜರಿಯುವವನಿಗೆ ಗಣಾಚಾರಿಯೆಂಬ ಹೆಸರು ಒಪ್ಪದೆಂಬಷ್ಟನ್ನು ಹೇಳದೆ ಇರಲಾರೆ.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದವರು. ರಾಜನ ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಚಾಡಿ ಹೇಳಿದರೆಂಬ ಪ್ರಸಂಗವು ಅವರ ಚರಿತ್ರೆಯನ್ನು ಹಾಡುವ ಕಾವ್ಯಗಳಲ್ಲಿ ಬರುತ್ತದೆ. ಅರಸನು ಲೆಕ್ಕ ಕೇಳಿದನು. ಭಂಡಾರವನ್ನು ತೆರೆದು ಎಣಿಸಿದರು. ಒಂದು ಹಾಗವೂ ಕಡಿಮೆಯಾಗಿರಲಿಲ್ಲ. ನಾವು ಪುರಾಣವನ್ನು ಕೇಳುವಾಗ ಈ ಕಡೆಯ ಮಾತಿಗೆ ಕೈ ಮುಗಿದು ಆನಂದಪಡುತ್ತೇವೆ. ನನ್ನ ಮನಸ್ಸು ನಿಲ್ಲುವುದು ಅದರ ಹಿಂದಿನ ಗಳಿಗೆಯಲ್ಲಿ. ಆ ಗಳಿಗೆಯಲ್ಲಿ ಕಲ್ಯಾಣದಲ್ಲಿ ಬಸವಣ್ಣನವರಿಗಾಗಿ ಪ್ರಾಣ ಕೊಡುವ ಶರಣರಿಗೇನು ಕೊರತೆಯೇ? ಅವರನ್ನೆಲ್ಲ ಅರಮನೆಯ ಬಾಗಿಲಿಗೆ ಕರೆದು ನಿಲ್ಲಿಸಬಹುದಾಗಿತ್ತು. ಚಾಡಿಕೋರನ ಹಿಂದಿನ ಚರಿತ್ರೆಯನ್ನು ಕೆದಕಬಹುದಾಗಿತ್ತು; ಚಾಡಿ ಅಸೂಯೆಯಿಂದ ಹುಟ್ಟಿದ್ದೇ ನಿಜ. ಅವರು ಬೀಗವನ್ನು ತೆರೆದು ಎಣಿಸಿ ತೋರಿಸಿದರು. ದೂರಿನ ಹಿಂದಿರುವ ಮನಸ್ಸು ಹೊಲಸಾಗಿದ್ದರೂ ದೂರಿನೊಳಗಿರುವ ಪ್ರಶ್ನೆ ಪ್ರಶ್ನೆಯೇ. ಅದಕ್ಕೆ ಉತ್ತರ ಲೆಕ್ಕದಲ್ಲಿದೆ, ಗದ್ದಲದಲ್ಲಿಲ್ಲ. ಈ ಮಾತು ಆಟದ ಸಂಘಗಳಿಗೆ ಮಾತ್ರವಲ್ಲ, ನಮ್ಮ ಮಠಮಾನ್ಯಗಳಿಗೂ ಅವುಗಳ ಶಾಲೆಗಳಿಗೂ ಸಲ್ಲುವುದೆಂದು ನಾನು ಬರೆದರೆ ಪೂಜ್ಯರು ಕೋಪಿಸಲಾರರೆಂದು ನಂಬಿದ್ದೇನೆ.

ಇನ್ನು ಆಯ್ದಕ್ಕಿ ಲಕ್ಕಮ್ಮನ ಕಥೆ. ಅವಳ ಗಂಡ ಮಾರಯ್ಯನು ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಯಾರೂ ದೂರು ಕೊಟ್ಟಿರಲಿಲ್ಲ. ಯಾವ ಅಧಿಕಾರಿಯೂ ಬಂದಿರಲಿಲ್ಲ. ಮನೆಯ ಹೊಸ್ತಿಲಲ್ಲಿ ಲಕ್ಕಮ್ಮನೇ ವಿಚಾರಣೆಯನ್ನು ಆರಂಭಿಸಿದಳು. ಹೆಚ್ಚಾದುದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದಳು. ಲೋಕದಲ್ಲಿ ಮಾರಯ್ಯನಿಗೆ ಅವಳಿಗಿಂತ ದೊಡ್ಡ ಹಿತೈಷಿ ಇದ್ದಳೇ? ಗಂಡನ ಕೈಚೀಲದಲ್ಲಿರುವುದೆಲ್ಲ ನಮ್ಮದೆಂದು ಒಳಗೆ ತೆಗೆದಿರಿಸಿಕೊಂಡಿದ್ದರೆ ಅವಳನ್ನು ಅಭಿಮಾನಿ ಎನ್ನಬಹುದಾಗಿತ್ತು. ಹೆಚ್ಚಿನ ಅಕ್ಕಿ ಆ ಹೊಸ್ತಿಲನ್ನು ದಾಟಲಿಲ್ಲವಾದುದರಿಂದ ಅವಳನ್ನು ಶರಣೆ ಎನ್ನುತ್ತೇವೆ.

ಇಷ್ಟೆಲ್ಲ ಬರೆದವನು ತನ್ನ ಲೆಕ್ಕವನ್ನು ಮುಚ್ಚಿಟ್ಟರೆ ಆಗದು. ಘಟ್ಟದ ಮೇಲಿನ ಮಠದ ಶಾಲೆಗೆ ಬರುವ ಮುನ್ನ ನಾನು ಕೆಲವು ವರ್ಷ ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ, ಸಂಸ್ಕೃತಗಳನ್ನು ಕಲಿಸುತ್ತಿದ್ದೆ. ಒಂದು ವರ್ಷ ನಮ್ಮ ಕಬಡ್ಡಿ ತಂಡವು ತಾಲೂಕಿನಲ್ಲಿ ಗೆದ್ದು ಕುಮಟೆಯಲ್ಲಿ ನಡೆಯುವ ಜಿಲ್ಲಾ ಮಟ್ಟದ ಪಂದ್ಯಕ್ಕೆ ಆಯ್ಕೆಯಾಯಿತು. ಊರಿಗೆ ಊರೇ ಎದ್ದು ಕುಣಿಯಿತು. ಆ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ ಹುಡುಗನು ಹಿಂದಿನ ವರ್ಷವೇ ಶಾಲೆ ಮುಗಿಸಿ ಮೀನುಗಾರಿಕೆಯ ದೋಣಿಗೆ ಹೋಗುತ್ತಿದ್ದನು. ಅವನನ್ನು ಹತ್ತನೆಯ ತರಗತಿಯ ಬೇರೊಬ್ಬ ಹುಡುಗನ ಹೆಸರಿನಲ್ಲಿ ಆಡಿಸಿದ್ದರು. ನನ್ನ ಅಕ್ಷರ ದುಂಡಗಿದೆಯೆಂಬ ಕಾರಣಕ್ಕೆ ಆಟಗಾರರ ಪಟ್ಟಿಯನ್ನು ಬರೆದವನು ನಾನೇ. ಬರೆಯುವಾಗ ಗೊತ್ತಿತ್ತು.

ಕುಮಟೆಯಲ್ಲಿ ಗೆದ್ದೆವು. ಸೋತದ್ದು ಭಟ್ಕಳ ತಾಲೂಕಿನ ಒಂದು ಶಾಲೆ. ಅದರ ದೈಹಿಕ ಶಿಕ್ಷಕರು ದೂರು ಬರೆದುಕೊಟ್ಟರು. ವಾರದೊಳಗೆ ಅಧಿಕಾರಿಯೊಬ್ಬರು ಬಂದು ದಾಖಲೆಯ ಪುಸ್ತಕಗಳನ್ನು ತೆರೆಸಿದರು. ಪಂದ್ಯದ ಭಾವಚಿತ್ರವನ್ನು ನನ್ನ ಮುಂದಿಟ್ಟು, ‘ಪಂಡಿತರೇ, ಈ ಹುಡುಗ ನಿಮ್ಮ ಶಾಲೆಯವನೋ?’ ಎಂದು ಕೇಳಿದರು. ಕಿಟಕಿಯ ಹೊರಗೆ ಊರಿನ ಹಿರಿಯರು ನಿಂತಿದ್ದರು. ‘ನಾನು ಕಲಿಸಿದ ಹುಡುಗ’ ಎಂದೆ. ಅದು ಅಕ್ಷರಶಃ ಸತ್ಯ. ಧರ್ಮರಾಯನು ಅಶ್ವತ್ಥಾಮನ ಹೆಸರು ಹೇಳಿ ಆನೆಯನ್ನು ಮೆಲ್ಲಗೆ ನುಡಿದ ಪ್ರಸಂಗವನ್ನು ಅದೇ ವರ್ಷ ಮಕ್ಕಳಿಗೆ ರಸವತ್ತಾಗಿ ವಿವರಿಸಿದ್ದೆ. ಅಧಿಕಾರಿಗಳು ನನ್ನ ಮಾತನ್ನು ಬರೆದುಕೊಂಡು ಹೋದರು, ದೂರು ಬಿದ್ದುಹೋಯಿತು. ಸಂಜೆ ಊರಿನವರು ನನಗೆ ಹಾರ ಹಾಕಿದರು. ದೂರು ಕೊಟ್ಟ ಶಿಕ್ಷಕರು ಏನೋ ಕಾಗದಕ್ಕಾಗಿ ಬಂದಿದ್ದಾಗ ಬಸ್ಸಿನ ನಿಲ್ದಾಣದಲ್ಲಿ ಹುಡುಗರು ಅವರನ್ನು ಸುತ್ತುಗಟ್ಟಿ ಕೂಗಿದರೆಂದು ಮರುದಿನ ಕೇಳಿದೆ. ಕೇಳಿ ಸುಮ್ಮನಿದ್ದೆ.

ತಿಂಗಳ ಮೇಲೆ ಹೆಸರು ಕೊಟ್ಟ ಆ ಹತ್ತನೆಯ ತರಗತಿಯ ಹುಡುಗನು ನನ್ನ ಮನೆಗೆ ಬಂದನು. ಪಂದ್ಯದ ದಿನ ಅವನು ನೀರಿನ ಬಿಂದಿಗೆಯನ್ನು ಹೊತ್ತು ಹೊರಗೆ ನಿಂತಿದ್ದವನು. ಕೈಯಲ್ಲಿ ಪ್ರಶಸ್ತಿಪತ್ರವಿತ್ತು. ‘ಸರ್, ಇದರಲ್ಲಿ ಹೆಸರು ನನ್ನದು, ಆಡಿದ್ದು ನಾನಲ್ಲ. ಮನೆಯಲ್ಲಿ ಅಪ್ಪ ಚೌಕಟ್ಟು ಹಾಕಿಸುತ್ತೇನೆ ಅಂತಾರೆ. ಏನು ಮಾಡಲಿ?’ ಎಂದನು. ‘ಸದ್ಯ ನನ್ನ ಹತ್ತಿರ ಇರಲಿ’ ಎಂದು ತೆಗೆದುಕೊಂಡೆ. ಅವನು ಮತ್ತೆ ಕೇಳಲಿಲ್ಲ. ಆ ಪತ್ರ ನನ್ನ ಪೆಟ್ಟಿಗೆಯಲ್ಲಿ ಅಮರಕೋಶದ ಕೆಳಗೆ ಇನ್ನೂ ಇದೆ.

ಹೋದ ಶ್ರಾವಣದಲ್ಲಿ ಪ್ರವಚನಕ್ಕೆಂದು ಕರಾವಳಿಗೆ ಇಳಿದಾಗ ಹೊನ್ನಾವರದ ಬಸ್ ನಿಲ್ದಾಣದಲ್ಲಿ ಆ ಭಟ್ಕಳದ ಕಡೆಯ ಶಿಕ್ಷಕರನ್ನು ಕಂಡೆ. ನಿವೃತ್ತರಾಗಿದ್ದಾರೆ. ಮಳೆ ಜೋರಾಗಿತ್ತು, ಇಬ್ಬರಿಗೂ ಬಸ್ಸಿರಲಿಲ್ಲ. ನಾನೇ ಹತ್ತಿರ ಹೋಗಿ ನನ್ನ ಗುರುತು ಹೇಳಿ, ಆ ದಿನ ನಾನು ಆಡಿದ ಮಾತನ್ನೂ ಅದರ ಒಳಗಿನ ಸುಳ್ಳನ್ನೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ‘ನನಗೆ ಆಗಲೇ ಗೊತ್ತಿತ್ತು, ಮಾಸ್ತರೇ. ನನ್ನನ್ನು ಊರವರು ಕೂಗಿದ್ದು ನನಗೆ ದೊಡ್ಡದಲ್ಲ. ವಿಚಾರಣೆ ಬಿದ್ದುಹೋದ ಮೇಲೆ ನನ್ನ ಹುಡುಗರೇ, ಸೋಲನ್ನು ಒಪ್ಪಲಾರದೆ ನಮ್ಮ ಸರ್ ಸುಳ್ಳು ದೂರು ಕೊಟ್ಟರು ಅಂದುಕೊಂಡರು. ಅದು ಮಾತ್ರ ಉಳಿಯಿತು’ ಎಂದರು.

ಆ ತಂಡದಲ್ಲಿ ಆಡಿದ ಏಳು ಮಂದಿಯಲ್ಲಿ ಇಬ್ಬರು ಎಲ್ಲಿದ್ದಾರೆಂಬುದು ಅವರಿಗೆ ತಿಳಿದಿತ್ತು. ಒಬ್ಬನು ಶಿರಾಲಿಯಲ್ಲಿ ಅಂಗಡಿಯಿಟ್ಟಿದ್ದಾನೆ, ಇನ್ನೊಬ್ಬನು ಗೋವೆಯಲ್ಲಿದ್ದಾನೆ. ಇಬ್ಬರ ವಿಳಾಸವನ್ನೂ ನನ್ನ ಪಂಚಾಂಗದ ಹಿಂಬದಿಯಲ್ಲಿ ಬರೆಸಿಕೊಂಡೆ. ಪ್ರಶಸ್ತಿಪತ್ರವನ್ನೂ ಜೊತೆಗಿಟ್ಟು ಶಿರಾಲಿಯವನಿಗೆ ಮೊದಲು ಪತ್ರ ಬರೆದಿದ್ದೇನೆ.